ತಾಂಬೂಲದಲ್ಲಿ ಹೋದ ಬಿಲ್ಲೆ

ಗರಾಜ್ ಸೇಲ್‌ನಲ್ಲಿ ಚೌಕಾಸಿ ಮಾಡಬೇಡ ಎಂದು ನನ್ನ ಗಂಡ ಹೇಳಿಯೇ ಕಳಿಸಿದ್ದರು. ನಾನು ಮೈಸೂರಿನವಳು, ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡಿ ಬೆಳೆದವಳು. ಹೇಳಿದ ಮಾತು ಕೇಳುವ ಪೈಕಿಯಂತೂ ಅಲ್ಲ. ಆಗ ನಾವು ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿದ್ದೆವು. ನಮ್ಮ ರಸ್ತೆಯ ಕೊನೆಯ ಮನೆಯ ಮುಂದೆ ಒಬ್ಬ ಬಿಳಿ ಕೂದಲಿನ ಹೆಂಗಸು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಹಳೆಯ ಪಾತ್ರೆ, ದೀಪ, ಚಮಚಗಳಿದ್ದವು. ನಾನು ತರಕಾರಿ ಸಿಪ್ಪೆ ಹೆರೆಯುವ ಒಂದು ಪೀಲರ್ ಎತ್ತಿಕೊಂಡೆ.

ಆಕೆ ಕೇಳಿದರು: "ಅಲ್ಲಿ ನಾಲ್ಕು ಪೀಲರ್ ಇದ್ವು. ಅದನ್ನೇ ಯಾಕೆ ತಗೊಂಡೆ?"

ಬೆಲೆ ಏರಿಸುವ ಉಪಾಯವೇ ಇರಬೇಕು ಎಂದುಕೊಂಡೆ. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ, "ಇದರಲ್ಲಿ ಹೆಬ್ಬೆಟ್ಟು ಇಡೋಕೆ ಜಾಗ ಇದೆ" ಅಂದೆ.

ಅವರು ಎದ್ದು ನನ್ನ ಕೈಯಲ್ಲಿದ್ದ ಪೀಲರನ್ನು ಮುಟ್ಟಿದರು. ಆಮೇಲೆ, "ಆ ಜಾಗ ಹುಡುಕೋಕೆ ನನಗೆ ಹನ್ನೊಂದು ತಿಂಗಳು ಹಿಡೀತು" ಎಂದು ಹೇಳಿ, ದುಡ್ಡು ಬೇಡವೆಂದು ನನ್ನ ಕೈ ಮಡಚಿದರು. ಅದು ಅವರೇ ವಿನ್ಯಾಸ ಮಾಡಿದ ಪೀಲರ್ ಆಗಿತ್ತು. ಒಳಗೆ ಕರೆದು ಕಾಫಿ ಕೊಟ್ಟರು. ಕಾಫಿ ಕೆಟ್ಟದಾಗಿತ್ತು, ಆದರೆ ಕಪ್ಪಿನ ಹಿಡಿ ಬಹಳ ಚೆನ್ನಾಗಿತ್ತು.

ಅವರು ಹಾಲೆಂಡಿನವರು. ಅಮೆರಿಕದಲ್ಲಿ ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯಬೇಕು. ನನ್ನ ನಾಲಿಗೆ ಅದಕ್ಕೆ ಒಪ್ಪಲಿಲ್ಲ. ಅಜ್ಜಿ ಅಂದೆ. ಅರ್ಥ ಕೇಳಿದರು, ಹೇಳಿದೆ, ಮಕ್ಕಳಿಲ್ಲದ ಅವರು ಖುಷಿಯಿಂದಲೇ ಒಪ್ಪಿಕೊಂಡರು. ಅಂದಿನಿಂದ ಫೋನಿನಲ್ಲೂ, "ನಾನು, ಅಜ್ಜಿ" ಎಂದೇ ಶುರು ಮಾಡುತ್ತಾರೆ.

ಅಜ್ಜಿಯ ಕೆಲಸದ ಕಥೆಯನ್ನು ನಾನು ತುಂಡು ತುಂಡಾಗಿ ಕೇಳಿಸಿಕೊಂಡಿದ್ದೇನೆ. ಇಪ್ಪತ್ತರ ಹರೆಯದಲ್ಲಿ ಅವರು ತಮ್ಮ ಊರಿನಲ್ಲಿ ಒಡವೆ ಮಾಡುತ್ತಿದ್ದರು. ಚಿನ್ನ ಮುಟ್ಟಲಿಲ್ಲ. ಸ್ಟೀಲ್ ಕೊಳವೆ ಬಾಗಿಸಿ ಬಳೆ, ರಬ್ಬರ್ ಸುತ್ತಿ ಕಂಠಹಾರ. ಯಾವ ಹೆಂಗಸು ಬೇಕಾದರೂ ಕೊಳ್ಳುವಂತಿರಬೇಕು, ಪಾತ್ರೆ ತೊಳೆಯುವಾಗಲೂ ತೊಡುವಂತಿರಬೇಕು ಎಂಬುದು ಅವರ ಹಟ. ಆದದ್ದೇ ಬೇರೆ. ದೊಡ್ಡವರು ಬಂದು ನೋಡಿ, ಹೊಗಳಿ, ಅವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶನಕ್ಕೆ ಕಳಿಸಿದರು. ಒಬ್ಬಳಾದರೂ ತೊಟ್ಟುಕೊಂಡು ಓಡಾಡಲಿಲ್ಲ. ಅಜ್ಜಿಗೆ ಸಿಟ್ಟು ಬಂತು, ಅಂಗಡಿ ಮುಚ್ಚಿ ಡೆಟ್ರಾಯಿಟಿಗೆ ಬಂದುಬಿಟ್ಟರು. ಮೂವತ್ತು ವರ್ಷ ಕಾರಿನ ಬಾಗಿಲ ಹಿಡಿ, ರೇಡಿಯೊ ತಿರುಗಿಸುವ ಗುಂಡಿ, ಅಡುಗೆಮನೆಯ ತಕ್ಕಡಿ, ನಲ್ಲಿಯ ತಲೆ ಎಂದು ಕೈಗೆ ಸಿಗುವ ಸಾಮಾನುಗಳನ್ನೇ ಮಾಡಿದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ.

ಬೇಸರ ಇದ್ದದ್ದು ನಾಣ್ಯದ ವಿಷಯದಲ್ಲಿ. ಸ್ಪರ್ಧೆಗಳಲ್ಲಿ ಗೆದ್ದು ಏಳೆಂಟು ನಾಣ್ಯಗಳ ವಿನ್ಯಾಸ ಮಾಡಿದ್ದರು. ಎಲ್ಲವೂ ಸ್ಮರಣೆಗೆಂದು ಅಚ್ಚಾದವು, ಮಖಮಲ್ಲಿನ ಡಬ್ಬಿಗೆ ಹೋಗಿ ಕೂತವು. ಒಂದೇ ಒಂದು ದಿನಬಳಕೆಯ ಚಿಲ್ಲರೆ ನಾಣ್ಯಕ್ಕೆ ಅವರ ವಿನ್ಯಾಸ ಆಯ್ಕೆಯಾಗಿತ್ತಂತೆ. ಅದು ಅಚ್ಚಾಗುವ ಮೊದಲೇ ಹಾಲೆಂಡಿನ ಹಣವೇ ಬದಲಾಗಿ ಯೂರೋ ಬಂತು. "ನಾನು ಮಾಡಿದ ನಾಣ್ಯ ಕೊಟ್ಟು ಇವತ್ತಿನವರೆಗೆ ಯಾರೂ ಒಂದು ಬ್ರೆಡ್ ಕೊಂಡಿಲ್ಲ" ಎಂದು ಅಜ್ಜಿ ಹೇಳುತ್ತಿದ್ದರು. ತಮಾಷೆಯ ದನಿಯಲ್ಲಿ ಶುರು ಮಾಡಿ, ಕೊನೆಗೆ ಎದ್ದು ಕಪ್ಪು ತೊಳೆಯಲು ಹೋಗುತ್ತಿದ್ದರು.

ಇನ್ನು ನನ್ನ ವಿಷಯ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಕಂಪ್ಯೂಟರ್ ಡ್ರಾಯಿಂಗ್ ಮಾಡಿದವಳು ಮದುವೆಯಾಗಿ ಇಲ್ಲಿಗೆ ಬಂದೆ. ಗಂಡನ ವೀಸಾ ಹಿಡಿದುಕೊಂಡು ಬಂದವರು ಕೆಲಸ ಮಾಡುವಂತಿಲ್ಲ. ಐದು ವರ್ಷ ಮನೆಯಲ್ಲಿ ಕೂತೆ. ಆ ಐದು ವರ್ಷ ನಾನು ಸಿಡುಕಿಯಾಗಿದ್ದೆ, ಸಾರಿಗೆ ಉಪ್ಪು ಕಮ್ಮಿ ಅಂದರೂ ಜಗಳ ತೆಗೆಯುತ್ತಿದ್ದೆ. ಅಜ್ಜಿಯ ಮನೆಗೆ ಹೋಗಿ ಅವರು ಪ್ಲಾಸ್ಟರಿನ ಮಾದರಿ ಕೆತ್ತುವುದನ್ನು ನೋಡುತ್ತ ಕೂತರೆ ಮಾತ್ರ ತಲೆ ತಣ್ಣಗಾಗುತ್ತಿತ್ತು. ಕೆಲಸ ಮಾಡುವ ಕಾರ್ಡು ಕೊನೆಗೂ ಬಂದ ದಿನ ಅವರಿಗೆ ಫೋನ್ ಮಾಡಿದೆ. "ನಾಳೆ ಒಂಬತ್ತಕ್ಕೆ ಬಾ, ತಡ ಮಾಡಬೇಡ" ಅಂದರು, ಅಷ್ಟೇ. ಅವರ ಮಾದರಿಗಳನ್ನು ಅಳೆದು ಕಂಪ್ಯೂಟರಿಗೆ ಹತ್ತಿಸುವುದು ನನ್ನ ಕೆಲಸವಾಯಿತು. ಈ ದೇಶದಲ್ಲಿ ನನ್ನ ಕೈಗೆ ಕೆಲಸ ಕೊಟ್ಟ ಮೊದಲ ಮನುಷ್ಯರು ಅವರು. ಆ ಋಣ ನನ್ನ ಮೇಲಿದೆ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅವರ ಕೆಲಸದಲ್ಲಿ ಒಂದು ನಿಯಮವಿತ್ತು. ಯಾವ ಸಾಮಾನಿನ ಮೊದಲ ಮಾದರಿ ಬಂದರೂ ಅದನ್ನು ಕೂಡಲೇ ನೋಡುವಂತಿಲ್ಲ. ಒಂದು ವಾರ ಯಾರಾದರೂ ಬೀಗದ ಕೈ ಜೊತೆ ಜೇಬಿನಲ್ಲೋ ಪರ್ಸಿನಲ್ಲೋ ಹಾಕಿಕೊಂಡು ಓಡಾಡಬೇಕು. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆಟ್ಟಿನಿಂದ ಸವರಿ, ಸರಿ ಇದೆಯೋ ಇಲ್ಲವೋ ಹೇಳುತ್ತಿದ್ದರು. "ಹೊಸದರಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತೆ" ಅನ್ನುತ್ತಿದ್ದರು. ಈಚೆಗೆ ಅವರ ಕಣ್ಣಿನ ನಡುಭಾಗ ಮಂಜಾಗಿತ್ತು. ಹಾಗಾಗಿ ಹೆಬ್ಬೆಟ್ಟೇ ಎಲ್ಲವನ್ನೂ ನೋಡಬೇಕಿತ್ತು.

ನಾವು ಶಿಕಾಗೋ ಕಡೆ ಬೋಲಿಂಗ್‌ಬ್ರೂಕಿಗೆ ಮನೆ ಬದಲಾಯಿಸಿದ ಮೇಲೂ ನಾನು ಅವರ ಕೆಲಸ ಬಿಡಲಿಲ್ಲ. ತಿಂಗಳಿಗೊಮ್ಮೆ ಐ-94 ಹೆದ್ದಾರಿ ಹಿಡಿದು ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಎರಡು ವರ್ಷದ ಹಿಂದೆ, ಅವರ ಮನೆಯಿಂದ ಹತ್ತು ಮೈಲಿ ದೂರದ ಚಿಕ್ಕ ಊರೊಂದರ ರೈತರ ಸಂತೆಯವರು ಅಜ್ಜಿಯನ್ನು ಹುಡುಕಿಕೊಂಡು ಬಂದರು. ನಗದು ಇಲ್ಲದವರು, ಸರ್ಕಾರದ ಆಹಾರ ಸಹಾಯದ ಕಾರ್ಡು ಇರುವವರು ಸಂತೆಯ ಬಾಗಿಲಲ್ಲಿ ಕಾರ್ಡು ಉಜ್ಜಿ ಬಿಲ್ಲೆ ತೆಗೆದುಕೊಳ್ಳುತ್ತಾರೆ, ಆ ಬಿಲ್ಲೆ ಕೊಟ್ಟು ತರಕಾರಿ ಕೊಳ್ಳುತ್ತಾರೆ. ಆ ಬಿಲ್ಲೆಗೊಂದು ವಿನ್ಯಾಸ ಬೇಕಿತ್ತು. ಒಂದು ಷರತ್ತಿತ್ತು: ಇಂಥ ಸೋಮವಾರದೊಳಗೆ ಅಜ್ಜಿ ಮಾದರಿ ನೋಡಿ ಒಪ್ಪಿಗೆ ಕೊಡಬೇಕು, ಇಲ್ಲವಾದರೆ ಸಮಿತಿ ಕಡಿಮೆ ಬೆಲೆಯ ಪ್ಲಾಸ್ಟಿಕ್ ಬಿಲ್ಲೆ ಮಾಡಿಸುತ್ತದೆ.

ಅಜ್ಜಿ ಆಗ ಚಿಕ್ಕ ಹುಡುಗಿಯ ಥರ ಆಡಿದರು. "ಟೊಮೇಟೊ ಕೊಳ್ಳುತ್ತಾರೆ. ನನ್ನ ಬಿಲ್ಲೆ ಕೊಟ್ಟು ಟೊಮೇಟೊ ಕೊಳ್ಳುತ್ತಾರೆ" ಎಂದು ನನಗೆ ನಾಲ್ಕು ಸಲ ಹೇಳಿದರು. ಸಂಭಾವನೆ ಬೇಡವೆಂದರು. ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಿತ್ತಾಳೆ ಬಿಲ್ಲೆ. ಒಂದು ಬದಿ ಹೆಬ್ಬೆಟ್ಟು ಕೂರುವಷ್ಟು ತಗ್ಗು, ಇನ್ನೊಂದು ಬದಿ ಉತ್ತ ಹೊಲದ ಸಾಲುಗಳು, ಅಂಚಿನಲ್ಲಿ ಒಂದು ಎಂಬ ಅಂಕಿ. ಅಳತೆ ಇಲ್ಲಿನ ಡಾಲರ್ ನಾಣ್ಯದಷ್ಟು. ಅಚ್ಚು ಹಾಕುವವರು ನಮ್ಮ ಮನೆಯ ಹತ್ತಿರವೇ ಇದ್ದರು. ಒಂದೇ ಒಂದು ಮಾದರಿ ಹೊಡೆದು ನನ್ನ ಕೈಗೆ ಕೊಟ್ಟರು. ನಿಯಮದ ಪ್ರಕಾರ ಪರ್ಸಿಗೆ ಹಾಕಿಕೊಂಡೆ. ಅದು ವರಮಹಾಲಕ್ಷ್ಮಿ ಹಬ್ಬದ ವಾರ.

ಶುಕ್ರವಾರ ಸಾಯಂಕಾಲ ಮನೆ ತುಂಬ ಹೆಂಗಸರು. ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ, ಅದರ ಮೇಲೊಂದು ನಾಣ್ಯ ಇಟ್ಟು ತಾಂಬೂಲ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕಾಲು ಡಾಲರಿನ ಕ್ವಾರ್ಟರ್ ಇಟ್ಟರೂ ಸಾಕು. ನನಗೆ ಸ್ವಲ್ಪ ಜಂಬ, ಬಂಗಾರದ ಬಣ್ಣದ ಡಾಲರ್ ನಾಣ್ಯಗಳನ್ನೇ ಬ್ಯಾಂಕಿನಿಂದ ತಂದಿಟ್ಟಿದ್ದೆ. ಕೊನೆಯವರಿಗೆ ಒಂದು ಕಮ್ಮಿ ಬಿತ್ತು. ಪರ್ಸಿನಲ್ಲಿ ಒಂದು ಡಾಲರ್ ಇದ್ದದ್ದು ನೆನಪಾಗಿ ಕೈ ಹಾಕಿ, ಸಿಕ್ಕ ಹಳದಿ ನಾಣ್ಯ ತೆಗೆದು, ಕಣದ ಮೇಲಿಟ್ಟು ಕೊಟ್ಟೆ.

ಬೆಳಗ್ಗೆ ಪರ್ಸಿನಲ್ಲಿ ಡಾಲರ್ ಇತ್ತು, ಬಿಲ್ಲೆ ಇರಲಿಲ್ಲ. ಕೊನೆಯವರು ಯಾರು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎಲ್ಲರೂ ಒಟ್ಟಿಗೆ ಹೊರಟಿದ್ದರು. ಗಂಡ, "ಇನ್ನೊಂದು ಮಾಡಿಸಿಬಿಡು" ಅಂದರು. ಅಚ್ಚಿನವರಿಗೆ ಫೋನ್ ಮಾಡಿದರೆ ಎರಡು ವಾರದ ರಜೆಗೆ ಬಾಗಿಲು ಹಾಕಿದ್ದರು. ಸಮಿತಿಯ ಸೋಮವಾರಕ್ಕೆ ಉಳಿದದ್ದು ಒಂಬತ್ತು ದಿನ.

ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ: ದಯವಿಟ್ಟು ಎಲ್ಲರೂ ನಿಮ್ಮ ತಾಂಬೂಲದ ಚೀಲ ನೋಡಿ, ಒಂದರಲ್ಲಿ ನಾಣ್ಯದ ಬದಲು ಬಿಲ್ಲೆ ಬಂದಿದೆ. ಎಲ್ಲರೂ ಓದಿದರು, ಕೆಲವರು "ನನ್ನದರಲ್ಲಿ ಡಾಲರ್ ಇದೆ" ಎಂದರು, ಉಳಿದವರು ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಆಮೇಲೆ ಹೊಳೆಯಿತು. ತಾಂಬೂಲದ ಚೀಲವನ್ನು ನಮ್ಮಲ್ಲಿ ಯಾರು ಬಿಚ್ಚಿ ನೋಡುತ್ತಾರೆ? ಬಾಳೆಹಣ್ಣು ತೆಗೆದಿಟ್ಟು, ಉಳಿದದ್ದನ್ನು ಹಾಗೇ ಬೀರುವಿನಲ್ಲಿಟ್ಟು, ಮುಂದೆ ಬಂದವರಿಗೆ ದಾಟಿಸುತ್ತೇವೆ. ಅದೇ ರವಿಕೆ ಕಣ ಎಷ್ಟು ಮನೆ ಸುತ್ತಿದೆಯೋ ದೇವರಿಗೇ ಗೊತ್ತು. ಎಲ್ಲರೂ ಮಾಡುತ್ತೇವೆ, ಯಾರೂ ಹೇಳುವುದಿಲ್ಲ. ನಾನು ಆ ಗುಟ್ಟನ್ನು ಇಡೀ ಗುಂಪಿನ ಮುಂದೆ ಹೇಳು ಎಂದು ಕೇಳಿದ್ದೆ.

ಭಾನುವಾರ ಧೈರ್ಯ ಮಾಡಿ ಅಜ್ಜಿಗೆ ಫೋನ್ ಮಾಡಿದೆ. ಬೈದರೆ ಬೈಯಲಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಅದನ್ನ ತಗೊಂಡವಳು ಏನಂದಳು?"

"ಏನೂ ಅನ್ನಲಿಲ್ಲ ಅಜ್ಜಿ. ನಾಣ್ಯ ಅಂತ ತಗೊಂಡು ಹೋದರು."

"ನಾಳೆ ಇದೇ ಹೊತ್ತಿಗೆ ಫೋನ್ ಮಾಡು" ಎಂದು ಇಟ್ಟುಬಿಟ್ಟರು. ಕೋಪ ಬಂದಿದೆ ಎಂದುಕೊಂಡೆ. ಸಿಂಕಿನ ಮುಂದೆ ನಿಂತು ಅತ್ತೆ.

ಸೋಮವಾರ ಪಕ್ಕದ ಊರು ವುಡ್‌ರಿಡ್ಜ್‌ನಿಂದ, ಹಬ್ಬಕ್ಕೆ ಬಂದಿದ್ದವರೊಬ್ಬರಿಂದ ಗುಟ್ಟಾಗಿ ಫೋನ್ ಬಂತು. ಧಾರವಾಡದ ಕಡೆಯವರು, ಬಾಯಿ ಜೋರು, ಆದರೆ ಆವತ್ತು ಪಿಸುಮಾತು.

"ಹೆಂಗ ಹೇಳ್ಲಿ ನಿಮಗ. ನಿಮ್ಮ ಚೀಲಾ ನಾ ಬಿಚ್ಚೇ ನೋಡಿಲ್ಲರಿ. ಶನಿವಾರ ಪ್ಲೇನ್‌ಫೀಲ್ಡ್ ಆಂಟಿ ಬಂದಿದ್ರು, ಬರಿಗೈಲೆ ಕಳಸಬಾರ್ದಂತ ಹಂಗ ಎತ್ತಿ ಕೊಟ್ಟಬಿಟ್ಟೆ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಬೇಜಾರೇನು ಬಂತು. ಆ ಕಣ ನನಗೆ ಯಾರು ಕೊಟ್ಟಿದ್ದೋ ನನಗೇ ಗೊತ್ತಿಲ್ಲ" ಅಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹತ್ತು ವರ್ಷದ ಪರಿಚಯದಲ್ಲಿ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಅದೇ ಮೊದಲು.

ಸಾಯಂಕಾಲ ಅಜ್ಜಿಗೆ ವರದಿ ಕೊಟ್ಟೆ. "ಬರಿಗೈಲಿ ಯಾಕೆ ಕಳಿಸಬಾರದು?" ಎಂದು ಕೇಳಿದರು. ಮನೆಗೆ ಬಂದ ಮುತ್ತೈದೆಗೆ ಅರಿಶಿನ ಕುಂಕುಮ ಕೊಡದೆ ಕಳಿಸುವುದಿಲ್ಲ, ಶ್ರಾವಣದಲ್ಲಿ ಇನ್ನೂ ಶುಕ್ರವಾರ ಇದೆ, ಆವತ್ತೂ ಕರೆದು ಕೊಡುತ್ತೇವೆ ಎಂದು ವಿವರಿಸಿದೆ. ಅಜ್ಜಿ ಹೂಂ ಹೂಂ ಎಂದು ಕೇಳಿದರು.

ಮಂಗಳವಾರ ಪ್ಲೇನ್‌ಫೀಲ್ಡಿಗೆ ಹೋದೆ. ಆಂಟಿ ಮೈಸೂರಿನವರು, ಅಚ್ಚುಕಟ್ಟು. "ನಾನು ಕಣ ಬೇರೆ ಇಡ್ತೀನಿ, ದುಡ್ಡು ಬೇರೆ ಇಡ್ತೀನಿ ಕಣಮ್ಮ" ಎಂದು ದೇವರ ಮನೆಯಿಂದ ಬೆಳ್ಳಿ ಬಟ್ಟಲು ತಂದರು. ತಾಂಬೂಲದಲ್ಲಿ ಬಂದ ನಾಣ್ಯವೆಲ್ಲ ಅದಕ್ಕೆ, ಕೊಡುವುದೂ ಅದರಿಂದಲೇ. ಬಟ್ಟಲನ್ನು ನೆಲದ ಮೇಲೆ ಸುರಿದು ಇಬ್ಬರೂ ಕೂತು ಹುಡುಕಿದೆವು. ಇರಲಿಲ್ಲ. ಆಂಟಿ ಹಣೆ ಚಚ್ಚಿಕೊಂಡರು. ಭಾನುವಾರ ಅವರ ಮೈದುನನ ಹೊಸ ಸೊಸೆ ಮೊದಲ ಸಲ ಊಟಕ್ಕೆ ಬಂದಿದ್ದಳು, ಅವಳಿಗೆ ಕೊಟ್ಟಿದ್ದರು. "ಹೊಳೀತಿತ್ತು ಅಂತ ಅದನ್ನೇ ಆರಿಸಿ ಕೊಟ್ಟೆ. ನಾನೇನು ಕಂಡೆ."

ಆ ಹುಡುಗಿಯ ಮನೆ ಇದ್ದದ್ದು ಬೋಲಿಂಗ್‌ಬ್ರೂಕಿನಲ್ಲೇ, ನಮ್ಮ ಮನೆಯಿಂದ ಒಂದು ಮೈಲಿ. ಆದರೆ ಅವಳು ಆಫೀಸಿನ ಕೆಲಸಕ್ಕೆ ಡಲ್ಲಾಸಿಗೆ ಹೋಗಿದ್ದಳು, ಶುಕ್ರವಾರವೇ ಬರುವುದು. ಅವಳಿಗೆ ಮೆಸೇಜ್ ಹಾಕಿದೆ. ಬಿಲ್ಲೆ ಜೊತೆಯಲ್ಲೇ ಇದೆ ಎಂದಳು. ನನಗೆ ಹೋದ ಜೀವ ಬಂದ ಹಾಗಾಯಿತು.

"ವಿಮಾನದಲ್ಲಿ ಹೋಗಿದೆಯಾ?" ಅಜ್ಜಿ ಕೇಳಿದರು.

"ಹೂಂ ಅಜ್ಜಿ. ಅವಳ ಕೋಟಿನ ಜೇಬಿನಲ್ಲಿದೆಯಂತೆ."

ಬುಧವಾರವೂ ಗುರುವಾರವೂ ಹೊಸ ಸುದ್ದಿ ಏನೂ ಇರಲಿಲ್ಲ. ಆದರೂ ಅವರೇ ಫೋನ್ ಮಾಡಿ, ಬೆಳ್ಳಿ ಬಟ್ಟಲಿನ ವಿಷಯವನ್ನು ಮತ್ತೆ ಹೇಳಿಸಿಕೊಂಡರು. ಸಿಕ್ಕರೆ ಹುಣಸೆಹಣ್ಣು ಹಾಕಿ ಫಳಫಳ ಅನ್ನುವ ಹಾಗೆ ತಿಕ್ಕಿ ತರುತ್ತೇನೆ ಅಂದೆ. "ತೊಳೀಬೇಡ, ಹೇಗಿದೆಯೋ ಹಾಗೇ ತಾ" ಎಂದರು.

ಶನಿವಾರ ಬೆಳಗ್ಗೆ ಆ ಹುಡುಗಿ ಬಾಗಿಲಲ್ಲೇ ಬಿಲ್ಲೆ ಹಿಡಿದು ನಿಂತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅದು ದುಡ್ಡಲ್ಲ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೂ ಜೇಬಿನಲ್ಲಿಟ್ಟುಕೊಂಡಿದ್ದಳು. ಮೀಟಿಂಗಿನಲ್ಲಿ ಎದೆ ಹೊಡೆದುಕೊಂಡಾಗ ಹೆಬ್ಬೆಟ್ಟು ಆ ತಗ್ಗಿನಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ.

"ಆಂಟಿ, ಕ್ಯಾನ್ ಐ ಕೀಪ್ ಇಟ್?"

"ಇಲ್ಲಮ್ಮ, ಇದು ಒಬ್ಬರ ಜೀವಮಾನದ ಆಸೆ" ಎಂದು ಎಲ್ಲ ಹೇಳಿದೆ. ಅವಳು ಇನ್ನೊಮ್ಮೆ ತಗ್ಗನ್ನು ಸವರಿ, ನನ್ನ ಅಂಗೈಯಲ್ಲಿಟ್ಟಳು. ಕೊಡಲು ಮನಸ್ಸಿಲ್ಲದೆ ಕೊಟ್ಟಿದ್ದು ನೋಡಿದರೇ ಗೊತ್ತಾಗುತ್ತಿತ್ತು.

ಭಾನುವಾರ ಬೆಳಗ್ಗೆ ಆರಕ್ಕೇ ಹೊರಟೆ. ಮಧ್ಯೆ ಪೆಟ್ರೋಲಿಗೆ ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ಅಜ್ಜಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಬಿಲ್ಲೆಯನ್ನು ಅವರ ಕೈಗೆ ಕೊಟ್ಟೆ. ಕಣ್ಣು ಮುಚ್ಚಿ, ತಗ್ಗನ್ನು ಸವರಿದರು, ತಿರುಗಿಸಿದರು, ಸಾಲುಗಳ ಮೇಲೆ ಉಗುರಾಡಿಸಿದರು.

"ಇಲ್ಲೇನೋ ಮೆತ್ತಿದೆ."

"ಕುಂಕುಮ ಅಜ್ಜಿ. ಯಾರ ಮನೇದೋ ಗೊತ್ತಿಲ್ಲ."

ಅವರ ಮುಖ ಅರಳಿತು. ನಾನು ಗಡಿಯಾರ ನೋಡಿ, "ಸರಿ ಇದೆ ತಾನೆ? ನಾಳೆಯೇ ಕೊನೆ ದಿನ, ಈಗಲೇ ಸಮಿತಿಯವರಿಗೆ ಫೋನ್ ಮಾಡಿಬಿಡೋಣ" ಎಂದು ಅವಸರ ಮಾಡಿದೆ.

"ಅವರೇ ಗುರುವಾರ ಮಾಡಿದ್ದರು. ಪ್ಲಾಸ್ಟಿಕ್ಕೇ ಮಾಡಿಸ್ತಾರಂತೆ. ಲೋಹ ಭಾರ ಅಂತೆ, ದುಬಾರಿ ಅಂತೆ."

ನನಗೆ ಎಲ್ಲಿತ್ತೋ ಸಿಟ್ಟು. ಸೋಮವಾರದವರೆಗೆ ಎಂದು ಹೇಳಿ ಗುರುವಾರವೇ ಕೈ ಕೊಟ್ಟವರಿಗೆ ಕನ್ನಡದಲ್ಲೇ ಬಾಯಿಗೆ ಬಂದಂತೆ ಬೈದೆ. ಆಮೇಲೆ ಅಜ್ಜಿಯ ಕಡೆ ತಿರುಗಿದೆ. "ನಿಮಗಾದರೂ ಹೇಳೋಕೆ ಏನಾಗಿತ್ತು? ಮೂರು ದಿನದಿಂದ ನಾನು ಊಟ ನಿದ್ದೆ ಬಿಟ್ಟಿದ್ದೀನಿ."

"ಹೇಳಿದ್ದರೆ ನೀನು ಅಲ್ಲಿಗೇ ಬಿಟ್ಟುಬಿಡ್ತಿದ್ದೆ" ಅಂದರು ಅಜ್ಜಿ. "ದಿನಾ ಸಾಯಂಕಾಲ ನೀನು ಹೇಳ್ತಿದ್ದೆ, ಅದು ಯಾರ ಮನೆಗೆ ಹೋಯಿತು, ಅವರು ಯಾರಿಗೆ ಕೊಟ್ಟರು ಅಂತ. ಅರವತ್ತು ವರ್ಷ ಕೆಲಸ ಮಾಡಿದ್ದೀನಿ. ನಾನು ಮಾಡಿದ ನಾಣ್ಯದ ಬಗ್ಗೆ ಒಬ್ಬರೂ ನನಗೆ ಹಾಗೆ ಹೇಳಿರಲಿಲ್ಲ."

ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ. ಅವರು ಮೊದಲಿಂದ ಹೇಳು ಅಂದರು. ಹೇಳಿದೆ. ವುಡ್‌ರಿಡ್ಜ್, ಪ್ಲೇನ್‌ಫೀಲ್ಡ್, ಬೆಳ್ಳಿ ಬಟ್ಟಲು, ಡಲ್ಲಾಸ್. ಹುಡುಗಿ ಅದನ್ನು ಇಟ್ಟುಕೊಳ್ಳಲೇ ಎಂದು ಕೇಳಿದ್ದನ್ನು ಹೇಳಿದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮತ್ತೆ ಯಾಕೆ ಅದನ್ನ ನಿಲ್ಲಿಸಿ ನನ್ನ ಹತ್ತಿರ ತಂದೆ?"

ಬಿಲ್ಲೆಯನ್ನು ನನ್ನ ಕೈಯೊಳಗಿಟ್ಟು ಬೆರಳು ಮಡಚಿದರು. "ಇನ್ನೂ ಶುಕ್ರವಾರ ಇದೆ ಅಂದಿದ್ದೆಯಲ್ಲ."

"ಇರೋದು ಇದೊಂದೇ ಅಜ್ಜಿ. ಕೊಟ್ಟರೆ ಹೋಗೇ ಹೋಗುತ್ತೆ."

"ಹೋಗಲಿ" ಅಂದರು.

ಶ್ರಾವಣದ ಆ ಶುಕ್ರವಾರ, ಪರ್ಸಿನಿಂದ ತೆಗೆದು, ಈ ಸಲ ನೋಡಿಯೇ, ಕಣದ ಮೇಲಿಟ್ಟು ಕೊಟ್ಟೆ. ಯಾರಿಗೆ ಎಂದು ಗಂಡನಿಗೂ ಹೇಳಿಲ್ಲ. ಆ ಹುಡುಗಿಗೇ ಕೊಡಬೇಕೆಂದು ಕೈ ತುಡಿಯಿತು. ಆದರೆ ಅವಳು ಜೇಬಿನಲ್ಲಿಟ್ಟುಕೊಂಡು ಬಿಡುತ್ತಾಳೆ, ಮುಂದೆ ದಾಟಿಸುವುದಿಲ್ಲ. ಅದು ಅಜ್ಜಿಗೆ ಸೇರದು.

ಇದಾಗಿ ಎರಡು ವರ್ಷ. ತಾಂಬೂಲದ ಚೀಲ ಮನೆಗೆ ಬಂದಾಗಲೆಲ್ಲ ಮೊದಲು ಅದನ್ನು ಬಿಚ್ಚಿ ನೋಡುತ್ತೇನೆ. ಹೋದ ನವರಾತ್ರಿಯಲ್ಲಿ ಒಂದು ಚೀಲದ ತಳದಲ್ಲಿ ಹಳದಿ ಹೊಳೆಯಿತು, ಕೈ ಹಾಕಿ ತೆಗೆದೆ. ಡಾಲರ್ ಆಗಿತ್ತು. ಬಿಲ್ಲೆ ಇನ್ನೂ ಎಲ್ಲೋ ಸುತ್ತುತ್ತಿದೆ ಎಂದು ನನಗೆ ಸಮಾಧಾನವೇ ಆಯಿತು.

ಅಜ್ಜಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ನಾನು ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ, ಕಾಫಿ ಈಗ ನಾನೇ ಮಾಡುವುದು. ಕಪ್ಪು ಮುಂದಿಟ್ಟರೂ ಅವರು ಮುಟ್ಟುವುದಿಲ್ಲ, ಮೊದಲು ಕೇಳುತ್ತಾರೆ.

"ಎಲ್ಲಿದೆ?"

"ಗೊತ್ತಿಲ್ಲ ಅಜ್ಜಿ" ಅನ್ನುತ್ತೇನೆ.

ಆಮೇಲೆ ಕಪ್ಪಿಗೆ ಕೈ ಚಾಚುತ್ತಾರೆ.